ಖಾಲಿ ಪಿಕಪ್‌ಗೆ ಎಷ್ಟು ಗಾಳಿ?



ನಿಮ್ಮ ಮನೆಯಲ್ಲಿ ಪಿಕಪ್ ಗಾಡಿ ಇದೆಯೇ? ಇಲ್ಲದಿದ್ದರೆ ನಿಮ್ಮ ಬೀದಿಯಲ್ಲಿ ಒಂದಾದರೂ ಇದ್ದೇ ಇರುತ್ತದೆ. ನಮ್ಮ ತಾಳವಾಡಿ ಸೀಮೆಯ ಎಲೆಕೋಸು, ಆಲೂಗಡ್ಡೆ, ಟೊಮೆಟೊ, ಬಾಳೆಗೊನೆ ಎಲ್ಲವೂ ಪೇಟೆ ಸೇರುವುದು ಇಂಥ ಗಾಡಿಗಳಲ್ಲೇ. ಹೊರೆ ಹೇರಿಕೊಂಡು ಹಾಸನೂರು ದಾಟಿ, ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವುಗಳನ್ನು ಇಳಿದು, ಬಣ್ಣಾರಿ ಮೇಲೆ ಸತ್ಯಮಂಗಲಕ್ಕೆ ಹೋಗುತ್ತವೆ. ಹೊರೆ ಇಳಿಸಿ, ಅದೇ ಘಾಟಿಯನ್ನು ಹತ್ತಿ ಖಾಲಿ ಬರುತ್ತವೆ.

ಹೋಗುವಾಗ ಹೊರೆ. ಬರುವಾಗ ಖಾಲಿ. ಗಾಡಿ ಒಂದೇ, ದಾರಿ ಒಂದೇ, ಟೈರೂ ಅವೇ. ಆದರೆ ಟೈರಿನ ಗಾಳಿ? ಅದೂ ಒಂದೇ ಇರಬೇಕೇ? ಈ ಪಾಠದಲ್ಲಿ ಅದನ್ನು ಕಲಿಯೋಣ.

ಓದೋಣ: ಪಂಕ್ಚರ್ ಅಂಗಡಿಯಲ್ಲಿ

ಒಂದು ಭಾನುವಾರ. ಗಂಡ, ಹೆಂಡತಿ, ಕೂಸು ಮೂವರೂ ಹೆಂಡತಿಯ ತವರಿಗೆ ಹೊರಟಿದ್ದಾರೆ. ಪಿಕಪ್ ಖಾಲಿ. ಹಿಂದಿನ ರಾತ್ರಿ ಮಳೆ ಬಂದಿದೆ. ಮನೆ ಪಕ್ಕದ ಪಂಕ್ಚರ್ ಅಂಗಡಿ ಮುಂದೆ ಗಾಡಿ ನಿಲ್ಲಿಸಿದರು.

ಅಂಗಡಿಯವ: ಅಣ್ಣ, ಹಿಂದ್ಗಡೆ ಎಷ್ಟು ಹಿಡೀಲಿ?

ಗಂಡ: ದಿನಾ ಹಿಡಿಯಾ ಹಂಗೇ ಹಿಡಿಯಪ್ಪ. ಕಲ್ಲಿನಂಗೆ ಇರ್ಬೇಕು.

ಅಂಗಡಿಯವ: ಇವತ್ತು ಹೊರೆ ಇಲ್ವಲ್ಲಣ್ಣ?

ಗಂಡ: ಹೊರೆ ಇಲ್ದಿದ್ರೆ ಇನ್ನೂ ಒಳ್ಳೇದಾಯ್ತು. ಟೈರ್ಗೆ ಆರಾಮು.

ಹೆಂಡತಿ ಬಾಗಿಲು ತೆಗೆದು ಇಳಿದಳು. ಸಂಜೆ ಕಲಿಕಾ ಕೇಂದ್ರಕ್ಕೆ ಹೋಗಿ ಅಂಕಿ, ಅಕ್ಷರ ಕಲಿತವಳು. ಡ್ರೈವರ್ ಬಾಗಿಲ ಸಂದಿಯಲ್ಲಿ ಅಂಟಿಸಿದ್ದ ಒಂದು ಚೀಟಿ ಅವಳ ಕಣ್ಣಿಗೆ ಬಿತ್ತು. ಧೂಳು ಒರೆಸಿದಳು.

ಹೆಂಡತಿ: ಇಲ್ನೋಡಿ. ಇದ್ರಲ್ಲಿ ಚಕ್ರದ ಚಿತ್ರ ಅದ. ಮುಂದ್ಗಡೆ ಚಕ್ರಕ್ಕೆ 35, 35. ಹಿಂದ್ಗಡೆ ಚಕ್ರಕ್ಕೆ ಒಂದು ಕಡೆ 35, ಇನ್ನೊಂದು ಕಡೆ 55 ಅಂತ ಅದ. ಯಾಕೆ ಎರಡು?

ಗಂಡ: ಆರು ವರ್ಸದಿಂದ ಇದೇ ಬಾಗ್ಲು ತೆಗೀತೀನಿ. ಆ ಚೀಟಿ ಏನು ಅಂತ ನಾನು ನೋಡೇ ಇಲ್ಲ ಕಣೆ.

ಅಂಗಡಿಯವ: ಅಕ್ಕ ಸರಿಯಾಗೇ ಓದವ್ರೆ ಅಣ್ಣ. ಹೊರೆ ಇದ್ರೆ 55. ಖಾಲಿ ಇದ್ರೆ 35. ನೀನು ಖಾಲಿ ಗಾಡೀಗೂ 55 ಹಿಡಿಸ್ತೀಯ. ಅದ್ಕೇ ನಿನ್ ಗಾಡಿ ಖಾಲಿ ಬರೋವಾಗ ಕುಣೀತದೆ.

ಗಂಡ ಸುಮ್ಮನಾದ. ಹೋದ ಮಳೆಗಾಲದಲ್ಲಿ ಘಾಟಿಯ ಒಂದು ತಿರುವಿನಲ್ಲಿ ಖಾಲಿ ಗಾಡಿಯ ಹಿಂಭಾಗ ಜಾರಿ, ಮೋರಿ ಕಟ್ಟೆಗೆ ಒಂದು ಗೇಣಿನಲ್ಲಿ ನಿಂತದ್ದು ಅವನಿಗೆ ನೆನಪಾಯಿತು. ಅವತ್ತು ರಸ್ತೆಯನ್ನು ಬೈದಿದ್ದ, ಮಳೆಯನ್ನು ಬೈದಿದ್ದ. ಗಾಳಿಯ ಮೇಲೆ ಅನುಮಾನವೇ ಬಂದಿರಲಿಲ್ಲ.

ತಿಳಿಯೋಣ: ಹೊರೆ ಹೊರುವುದು ಗಾಳಿ

ಗಾಡಿಯ ಭಾರವನ್ನು ಹೊರುವುದು ರಬ್ಬರಿಗಿಂತ ಹೆಚ್ಚಾಗಿ ಅದರೊಳಗಿನ ಗಾಳಿ. ಗಾಳಿ ಎಷ್ಟು ಒತ್ತಡದಲ್ಲಿದೆ ಎಂಬುದನ್ನು ಅಂಗಡಿಯಲ್ಲಿ ‘ಪೌಂಡ್’ ಲೆಕ್ಕದಲ್ಲಿ ಹೇಳುತ್ತಾರೆ. ಚೀಟಿಯಲ್ಲಿ ಇದನ್ನೇ ಪಿ.ಎಸ್.ಐ. ಎಂದು ಬರೆದಿರುತ್ತಾರೆ. 35 ಪಿ.ಎಸ್.ಐ. ಎಂದರೆ, ಒಂದು ಅಂಗುಲ ಉದ್ದ, ಒಂದು ಅಂಗುಲ ಅಗಲದ ಜಾಗದ ಮೇಲೆ 35 ಪೌಂಡ್ ತೂಕ ಇಟ್ಟಷ್ಟು ಒತ್ತಡ. ಈ ಜಾಗಕ್ಕೆ ಒಂದು ಚದರ ಅಂಗುಲ ಎನ್ನುತ್ತಾರೆ. ಒಂದು ಕಿಲೋ ಎಂದರೆ ಸುಮಾರು 2.2 ಪೌಂಡ್.

ಟೈರು ದುಂಡಗೆ ಕಂಡರೂ ನೆಲ ಮುಟ್ಟುವ ಕಡೆ ಸ್ವಲ್ಪ ಚಪ್ಪಟೆಯಾಗುತ್ತದೆ. ಆ ಚಪ್ಪಟೆ ಜಾಗಕ್ಕೆ ‘ಹಿಡಿತದ ಜಾಗ’ ಎನ್ನೋಣ. ಬ್ರೇಕ್ ಹಾಕಿದಾಗ ಗಾಡಿಯನ್ನು ನಿಲ್ಲಿಸುವುದು ಈ ಜಾಗ. ತಿರುವಿನಲ್ಲಿ ಜಾರದಂತೆ ಹಿಡಿಯುವುದೂ ಇದೇ. ಬರಿಗಾಲಿನಲ್ಲಿ ಕೆಸರು ಗದ್ದೆ ಬದುವಿನ ಮೇಲೆ ನಡೆಯುವಾಗ ನೀವು ಪಾದ ಪೂರ್ತಿ ಊರುತ್ತೀರಿ. ಹಿಮ್ಮಡಿ ಮಾತ್ರ ಊರಿದರೆ ಜಾರುತ್ತೀರಿ. ಟೈರಿನದ್ದೂ ಹಾಗೆಯೇ.

ಲೆಕ್ಕ ಮಾಡೋಣ

ಒಂದು ಪಿಕಪ್ ಅನ್ನು ವೇ ಬ್ರಿಡ್ಜ್ ಮೇಲೆ ತೂಗಿಸಿದರು ಎಂದುಕೊಳ್ಳಿ. ಮೊದಲು ಖಾಲಿ ಗಾಡಿ ತೂಗಿದರು.

ಇಡೀ ಗಾಡಿ: 1500 ಕಿಲೋ
ಮುಂದಿನ ಎರಡು ಚಕ್ರ ಮಾತ್ರ: 850 ಕಿಲೋ
ಹಿಂದಿನ ಎರಡು ಚಕ್ರ: 1500 – 850 = 650 ಕಿಲೋ
ಹಿಂದಿನ ಒಂದು ಚಕ್ರಕ್ಕೆ: 650 ÷ 2 = 325 ಕಿಲೋ

ಆಮೇಲೆ 1200 ಕಿಲೋ ಎಲೆಕೋಸು ಹೇರಿ ತೂಗಿದರು.

ಇಡೀ ಗಾಡಿ: 2700 ಕಿಲೋ
ಮುಂದಿನ ಎರಡು ಚಕ್ರ: 900 ಕಿಲೋ
ಹಿಂದಿನ ಎರಡು ಚಕ್ರ: 1800 ಕಿಲೋ
ಹಿಂದಿನ ಒಂದು ಚಕ್ರಕ್ಕೆ: 900 ಕಿಲೋ

ಈಗ ಗಮನಿಸಿ. ಹೇರಿದ 1200 ಕಿಲೋದಲ್ಲಿ ಮುಂದಿನ ಚಕ್ರಗಳಿಗೆ ಹೋದದ್ದು 50 ಕಿಲೋ ಮಾತ್ರ. ಉಳಿದ 1150 ಕಿಲೋ ಹಿಂದಿನ ಚಕ್ರಗಳ ಪಾಲಿಗೆ ಬಂತು. ಪಿಕಪ್‌ನ ಎಂಜಿನ್ ಮುಂದೆ, ಹೊರೆಯ ತೊಟ್ಟಿ ಹಿಂದಿನ ಚಕ್ರದ ಮೇಲೆ. ಅದಕ್ಕೇ ಹೀಗೆ. ಚೀಟಿಯಲ್ಲಿ ಮುಂದಿನ ಚಕ್ರಕ್ಕೆ ಒಂದೇ ಅಂಕಿ, ಹಿಂದಿನ ಚಕ್ರಕ್ಕೆ ಎರಡು ಅಂಕಿ ಇರುವುದೂ ಇದರಿಂದಲೇ.

ಹಿಡಿತದ ಜಾಗವನ್ನು ಅಂದಾಜು ಮಾಡಲು ಚಕ್ರದ ಮೇಲಿನ ಭಾರವನ್ನು ಗಾಳಿಯ ಒತ್ತಡದಿಂದ ಭಾಗಿಸಬೇಕು. ಭಾರ ಪೌಂಡ್‌ನಲ್ಲಿ ಇರಬೇಕು.

ಖಾಲಿ ಗಾಡಿ, 55 ಪೌಂಡ್ ಗಾಳಿ:
325 × 2.2 = 715 ಪೌಂಡ್. 715 ÷ 55 = 13 ಚದರ ಅಂಗುಲ.

ಖಾಲಿ ಗಾಡಿ, 35 ಪೌಂಡ್ ಗಾಳಿ:
715 ÷ 35 = ಸುಮಾರು 20 ಚದರ ಅಂಗುಲ.

ಹೊರೆ ಗಾಡಿ, 55 ಪೌಂಡ್ ಗಾಳಿ:
900 × 2.2 = 1980 ಪೌಂಡ್. 1980 ÷ 55 = 36 ಚದರ ಅಂಗುಲ.

ಹೊರೆ ಗಾಡಿ, 35 ಪೌಂಡ್ ಗಾಳಿ:
1980 ÷ 35 = ಸುಮಾರು 57 ಚದರ ಅಂಗುಲ.

ಟೈರಿನ ಗೋಡೆಯೂ ಸ್ವಲ್ಪ ಭಾರ ಹೊರುತ್ತದೆ. ಆದ್ದರಿಂದ ಇದು ಕರಾರುವಾಕ್ಕಾದ ಅಳತೆ ಅಲ್ಲ, ಅಂದಾಜು. ಆದರೆ ವಿಷಯ ಅರ್ಥವಾಗಲು ಇಷ್ಟು ಸಾಕು.

ಹೆಚ್ಚಾದರೆ ಏನು? ಕಡಿಮೆಯಾದರೆ ಏನು?

ಖಾಲಿ ಗಾಡಿಗೆ ಹೊರೆಯ ಗಾಳಿ ಹಿಡಿಸಿದರೆ ಹಿಡಿತದ ಜಾಗ 20ರಿಂದ 13ಕ್ಕೆ ಇಳಿಯುತ್ತದೆ. ಟೈರಿನ ನಡುಭಾಗ ಮಾತ್ರ ನೆಲ ಮುಟ್ಟುತ್ತದೆ. ಆಗ ಹೀಗಾಗುತ್ತದೆ:

ಹಳ್ಳ ದಿಣ್ಣೆಯಲ್ಲಿ ಹಿಂದಿನ ಚಕ್ರ ಪುಟಿಯುತ್ತದೆ. ಪುಟಿದ ಚಕ್ರ ನೆಲದ ಮೇಲೆ ಇಲ್ಲ. ನೆಲದ ಮೇಲೆ ಇಲ್ಲದ ಚಕ್ರಕ್ಕೆ ಬ್ರೇಕ್ ಇಲ್ಲ.
ಒದ್ದೆ ರಸ್ತೆಯಲ್ಲಿ ಬ್ರೇಕ್ ಒತ್ತಿದರೆ ಹಿಂಭಾಗ ಪಕ್ಕಕ್ಕೆ ಜಾರಬಹುದು.
ಹೆಚ್ಚಿನ ಪಿಕಪ್‌ಗಳಲ್ಲಿ ಎಂಜಿನ್ನಿನ ಬಲ ಹೋಗುವುದು ಹಿಂದಿನ ಚಕ್ರಗಳಿಗೆ. ಅಲ್ಲೇ ಭಾರ ಇಲ್ಲ, ಹಿಡಿತವೂ ಇಲ್ಲ ಎಂದರೆ ಏರಿನ ತಿರುವಿನಲ್ಲಿ ಚಕ್ರ ಸುಮ್ಮನೆ ತಿರುಗುತ್ತದೆ.
ಟೈರು ನಡುವೆ ಸವೆಯುತ್ತದೆ. ಬೇಗ ಹೊಸ ಟೈರಿಗೆ ದುಡ್ಡು ಹಾಕಬೇಕು.

ಹಾಗಾದರೆ ಯಾವಾಗಲೂ 35 ಇಟ್ಟರೆ ಆಯಿತಲ್ಲ ಎನ್ನಬೇಡಿ. ಅದು ಇನ್ನೂ ಅಪಾಯ. ಹೊರೆ ಹೇರಿದ ಗಾಡಿಯಲ್ಲಿ ಗಾಳಿ ಕಡಿಮೆ ಇದ್ದರೆ ಟೈರಿನ ಗೋಡೆ ಪ್ರತಿ ಸುತ್ತಿನಲ್ಲೂ ಹೆಚ್ಚು ಮಡಚಿ ಬಿಚ್ಚುತ್ತದೆ. ಪಿಕಪ್ ಟೈರಿನ ಸುತ್ತಳತೆ ಸುಮಾರು 2 ಮೀಟರ್. ಒಂದು ಕಿಲೋಮೀಟರ್ ಓಡಿದರೆ ಅದು ಸುಮಾರು 500 ಸುತ್ತು ತಿರುಗುತ್ತದೆ. ಅಂದರೆ 500 ಸಲ ಮಡಚುತ್ತದೆ. ಒಂದು ತಂತಿಯನ್ನು ಕೈಯಲ್ಲಿ ಹಿಂದಕ್ಕೂ ಮುಂದಕ್ಕೂ ಬಗ್ಗಿಸಿ ನೋಡಿ. ಬಗ್ಗುವ ಕಡೆ ಬಿಸಿಯಾಗುತ್ತದೆ, ಕೊನೆಗೆ ಮುರಿಯುತ್ತದೆ. ಟೈರೂ ಹೀಗೆ ಬಿಸಿಯಾಗಿ ಒಡೆಯಬಹುದು. ಘಾಟಿ ಇಳಿಯುವಾಗ ಬ್ರೇಕಿನ ಬಿಸಿಯೂ ಇದಕ್ಕೆ ಸೇರುತ್ತದೆ.

ಆದ್ದರಿಂದ ಎರಡು ತಪ್ಪುಗಳಲ್ಲಿ ದೊಡ್ಡ ತಪ್ಪು ಯಾವುದು ಎಂದು ತಿಳಿದಿರಿ. ಖಾಲಿ ಗಾಡಿಯಲ್ಲಿ ಗಾಳಿ ಹೆಚ್ಚಿದ್ದರೆ ನಿಧಾನವಾಗಿ ಓಡಿಸಿ ಮನೆ ಸೇರಬಹುದು. ಹೊರೆ ಗಾಡಿಯಲ್ಲಿ ಗಾಳಿ ಕಡಿಮೆ ಇದ್ದರೆ ಹೊರಡಲೇಬಾರದು.

ಚೀಟಿ ಓದೋಣ

ಗಾಳಿಯ ಚೀಟಿ ಸಾಮಾನ್ಯವಾಗಿ ಡ್ರೈವರ್ ಬಾಗಿಲ ಚೌಕಟ್ಟಿನಲ್ಲಿ, ಇಲ್ಲವೇ ಬಾಗಿಲ ಒಳಬದಿಯಲ್ಲಿ ಇರುತ್ತದೆ. ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲೂ ಇರುತ್ತದೆ. ಅಕ್ಷರ ಇಂಗ್ಲಿಷಿನಲ್ಲಿ ಇದ್ದರೂ ಹೆದರಬೇಡಿ. ನಾಲ್ಕೇ ಮಾತು ಗುರುತು ಹಿಡಿದರೆ ಸಾಕು.

ಫ್ರಂಟ್ – ಮುಂದಿನ ಚಕ್ರ
ರಿಯರ್ – ಹಿಂದಿನ ಚಕ್ರ
ಅನ್‌ಲೇಡನ್ – ಖಾಲಿ
ಲೇಡನ್ – ಹೊರೆ ತುಂಬಿದ್ದು

ಕೆಲವು ಚೀಟಿಗಳಲ್ಲಿ ಪೌಂಡ್ ಬದಲು ಬೇರೆ ಅಳತೆ ಇರುತ್ತದೆ. 240 ಕೆ.ಪಿ.ಎ. ಎಂದರೂ 2.4 ಬಾರ್ ಎಂದರೂ ಸುಮಾರು 35 ಪೌಂಡ್. 380 ಕೆ.ಪಿ.ಎ. ಎಂದರೂ 3.8 ಬಾರ್ ಎಂದರೂ ಸುಮಾರು 55 ಪೌಂಡ್.

ಒಂದು ಮಾತು ಮರೆಯಬೇಡಿ. ಈ ಪಾಠದ 35, 55 ಅಂಕಿಗಳು ಕಲಿಯಲು ಕೊಟ್ಟ ಉದಾಹರಣೆ. ನಿಮ್ಮ ಗಾಡಿಯ ಅಂಕಿ ಬೇರೆ ಇರಬಹುದು. ನಿಮ್ಮ ಚೀಟಿಯಲ್ಲಿ ಇರುವುದೇ ನಿಮಗೆ ಸರಿ. ಪಕ್ಕದ ಮನೆಯವರ ಗಾಡಿಯ ಅಂಕಿ ನಿಮಗೆ ಬೇಡ.

ಟೈರಿನ ಮೈಮೇಲೂ ಒಂದು ಅಂಕಿ ಇರುತ್ತದೆ. ‘ಮ್ಯಾಕ್ಸ್’ ಎಂದು ಅದರ ಮುಂದೆ ಬರೆದಿರುತ್ತಾರೆ. ಅದು ಆ ಟೈರು ತಡೆಯುವ ಗರಿಷ್ಠ ಮಿತಿ. ದಿನಾ ಅಷ್ಟು ಹಿಡಿಸಿ ಎಂದು ಅರ್ಥವಲ್ಲ. ಚೀಲದ ಮೇಲೆ 50 ಕಿಲೋ ಎಂದು ಬರೆದಿದ್ದರೆ ಪ್ರತಿ ಸಲವೂ 50 ಕಿಲೋ ತುಂಬಬೇಕೆಂದಿಲ್ಲವಲ್ಲ!

ಏನು ಮಾಡಬೇಕು?

1. ಚೀಟಿಯಲ್ಲಿ ಖಾಲಿಗೆ ಬೇರೆ, ಹೊರೆಗೆ ಬೇರೆ ಅಂಕಿ ಇದ್ದರೆ ಅದರಂತೆ ನಡೆಯಿರಿ. ಅರ್ಧ ಹೊರೆ ಇದ್ದರೆ ಹೊರೆಯ ಅಂಕಿಯನ್ನೇ ಹಿಡಿಸಿ.

2. ಒಂದೇ ಅಂಕಿ ಇದ್ದರೆ ಖಾಲಿಗೂ ಹೊರೆಗೂ ಅದೇ. ನಾವೇ ಊಹೆ ಮಾಡಿ ಅದಕ್ಕಿಂತ ಇಳಿಸಬಾರದು.

3. ಚೀಟಿ ಹರಿದಿದ್ದರೆ ಗಾಡಿಯ ಪುಸ್ತಕ ನೋಡಿ. ಪುಸ್ತಕವೂ ಇಲ್ಲದಿದ್ದರೆ ಆ ಕಂಪನಿಯ ಸರ್ವಿಸ್ ಕೇಂದ್ರದಲ್ಲಿ ಕೇಳಿ ಬರೆದುಕೊಳ್ಳಿ. ಬೇರೆ ಅಳತೆಯ ಟೈರು ಹಾಕಿಸಿದ್ದರೂ ಕೇಳಿಯೇ ಹಿಡಿಸಿ.

4. ಗಾಳಿ ನೋಡುವುದು ಬೆಳಿಗ್ಗೆ, ಟೈರು ತಣ್ಣಗಿರುವಾಗ. ಗಾಡಿ ಮೂರು ಗಂಟೆಯಾದರೂ ನಿಂತಿರಬೇಕು. ಅಂಗಡಿ ಹತ್ತಿರವಿರಲಿ, ಒಂದೆರಡು ಕಿಲೋಮೀಟರಿಗಿಂತ ಹೆಚ್ಚು ಓಡಿಸಿ ಬರಬೇಡಿ. ಚೀಟಿಯ ಅಂಕಿ ತಣ್ಣನೆ ಟೈರಿನದ್ದು.

5. ಓಡಿ ಬಂದ ಟೈರು ಬಿಸಿಯಾಗಿರುತ್ತದೆ. ಗಾಳಿ ಹಿಗ್ಗಿ ಗೇಜಿನಲ್ಲಿ ನಾಲ್ಕೈದು ಪೌಂಡ್ ಅಥವಾ ಇನ್ನೂ ಹೆಚ್ಚು ಕಾಣಬಹುದು. ಅದನ್ನು ನೋಡಿ ಗಾಳಿ ಬಿಡಬೇಡಿ. ಬಿಟ್ಟರೆ ಮಾರನೇ ಬೆಳಿಗ್ಗೆ ಅಷ್ಟೂ ಕಡಿಮೆಯಾಗಿರುತ್ತದೆ.

ಅದೇ ದಿನ ಖಾಲಿ ಬರುವಾಗ?

ಇಲ್ಲೇ ನಮ್ಮ ಜನಕ್ಕೆ ತೊಡಕು. ಬೆಳಗಿನ ಜಾವ 55 ಹಿಡಿಸಿ ಹೊರೆ ಇಳಿಸಿದ್ದಾಯಿತು. ಈಗ ಖಾಲಿ. ಟೈರು ಬಿಸಿ. ನಾಳೆ ಮತ್ತೆ ಹೊರೆ ಇದೆ. ಗಾಳಿ ಇಳಿಸಬೇಕೇ?

ಬೇಡ. ಬಿಸಿ ಟೈರಿನಲ್ಲಿ ಎಷ್ಟು ಇಳಿಸಬೇಕೆಂಬ ಲೆಕ್ಕ ಸಿಗುವುದಿಲ್ಲ. ನಾಳೆ ಬೆಳಗಿನ ಜಾವ ಅಂಗಡಿ ತೆರೆಯುವ ಮೊದಲೇ ಹೊರೆ ಹೇರಿದರೆ ಕಡಿಮೆ ಗಾಳಿಯಲ್ಲಿ ಘಾಟಿ ಇಳಿಯಬೇಕಾಗುತ್ತದೆ. ಆದ್ದರಿಂದ ಗಾಳಿ ಹಾಗೇ ಇರಲಿ. ಇಳಿಸಬೇಕಾದ್ದು ವೇಗ. ಒದ್ದೆ ರಸ್ತೆಯಲ್ಲಿ ತಿರುವಿಗೆ ಮೊದಲೇ ನಿಧಾನ ಮಾಡಿ. ತಿರುವಿನೊಳಗೆ ಬ್ರೇಕ್ ಜೋರಾಗಿ ಒತ್ತಬೇಡಿ. ಮುಂದಿನ ಗಾಡಿಗೂ ನಿಮಗೂ ನಡುವೆ ಹೆಚ್ಚು ಜಾಗ ಬಿಡಿ.

ಹಾಗಾದರೆ ಖಾಲಿಯ ಅಂಕಿ ಯಾವಾಗ? ಬೆಳೆ ಮುಗಿದು ಒಂದು ವಾರ, ಹದಿನೈದು ದಿನ ಗಾಡಿ ಖಾಲಿಯೇ ಓಡುತ್ತದೆ ಎನ್ನುವಾಗ. ಇಲ್ಲವೇ ಆ ದಂಪತಿಯಂತೆ ಊರಿಗೆ, ಮದುವೆಗೆ, ಆಸ್ಪತ್ರೆಗೆ ಖಾಲಿ ಗಾಡಿಯಲ್ಲಿ ಹೊರಟಾಗ. ಬೆಳಿಗ್ಗೆ ತಣ್ಣನೆ ಟೈರಿಗೆ ಖಾಲಿಯ ಗಾಳಿ ಹಿಡಿಸಿ. ಮತ್ತೆ ಹೊರೆ ಹೇರುವ ಮೊದಲು ಹೊರೆಯ ಗಾಳಿ ಹಿಡಿಸಿ. ಮರೆಯದಿರಲು ಸ್ಟೇರಿಂಗ್ ಪಕ್ಕ ಒಂದು ಚೀಟಿ ಬರೆದು ಅಂಟಿಸಿ: “ಹಿಂದೆ 35 ಇದೆ. ಹೊರೆ ಹೇರಬೇಡ.” ಈಗ ನಿಮಗೆ ಬರೆಯಲು ಬರುತ್ತದಲ್ಲ!

ಇವನ್ನೂ ತಿಳಿದಿರಿ

ಟೈರನ್ನು ಕೈಯಿಂದ ಸವರಿ ನೋಡಿ. ನಡುವೆ ಸವೆದಿದ್ದರೆ ಗಾಳಿ ಹೆಚ್ಚಾಗಿದೆ. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆಯಾಗಿದೆ. ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್ ತೋರಿಸಿ.

ಸ್ಟೆಪ್ನಿಗೆ ಯಾವಾಗಲೂ ಹೊರೆಯ ಗಾಳಿ ಇರಲಿ. ದಾರಿಯಲ್ಲಿ ಹೆಚ್ಚಿನ ಗಾಳಿ ಇಳಿಸಬಹುದು. ಇಲ್ಲದ ಗಾಳಿ ಎಲ್ಲಿಂದ ತರುತ್ತೀರಿ?

ಪಂಕ್ಚರ್ ಆಗದಿದ್ದರೂ ಟೈರಿನ ಗಾಳಿ ತಿಂಗಳಿಗೆ ಒಂದೆರಡು ಪೌಂಡ್ ಇಳಿಯುತ್ತದೆ. ಚಳಿಗಾಲದಲ್ಲಿ ಹವೆ 10 ಡಿಗ್ರಿ ತಣ್ಣಗಾದರೆ ಇನ್ನೂ ಒಂದೆರಡು ಪೌಂಡ್ ಕಡಿಮೆ ಕಾಣುತ್ತದೆ. ಕಣ್ಣಿಗೆ ಇದು ತಿಳಿಯದು. ಕಾಲಿನಿಂದ ಒದ್ದು ನೋಡಿದರೂ ತಿಳಿಯದು. ಗೇಜೇ ಬೇಕು.

ಸತ್ಯಮಂಗಲದ ಅಂಗಡಿಯಲ್ಲಿ ಗಾಳಿಗೆ ‘ಕಾತ್ತು’ ಎನ್ನುತ್ತಾರೆ. ನಮ್ಮ ಮೂವತ್ತೈದು ಅಲ್ಲಿ ‘ಮುಪ್ಪತ್ತಂಜು’. ಬಾಯಿಮಾತಿನಲ್ಲಿ ಗೊಂದಲವಾದರೆ ಅಂಕಿ ಬರೆದು ತೋರಿಸಿ. 35 ಎಂಬ ಅಂಕಿ ಘಾಟಿಯ ಮೇಲೂ ಒಂದೇ, ಕೆಳಗೂ ಒಂದೇ. ಹಿಡಿದ ಮೇಲೆ ಗೇಜನ್ನು ನೀವೇ ಓದಿ.

ಖಾಲಿ ಗಾಡಿ ಎಂದು ಹಿಂದಿನ ತೊಟ್ಟಿಯಲ್ಲಿ ಕೂಲಿಯವರನ್ನು, ಮಕ್ಕಳನ್ನು ತುಂಬಬೇಡಿ. ಸರಕು ಗಾಡಿಯಲ್ಲಿ ಜನರನ್ನು ಸಾಗಿಸುವುದು ಕಾನೂನಿಗೆ ವಿರುದ್ಧ. ಪುಟಿಯುವ ಚಕ್ರದ ಮೇಲೆ ಕೂತವರಿಗೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ.

ಮುಂದೇನಾಯಿತು?

ಅಂಗಡಿಯವನು ಹಿಂದಿನ ಎರಡೂ ಟೈರಿನ ಗಾಳಿ ಇಳಿಸಿ 35ಕ್ಕೆ ತಂದ. ಗೇಜನ್ನು ಹೆಂಡತಿ ಓದಿದಳು. ಗಾಡಿ ಹೊರಟಿತು. ಹಾಸನೂರು ದಾರಿಯ ಹಳ್ಳ ಬಂದಾಗ ಗಂಡ ಎಂದಿನಂತೆ ಸ್ಟೇರಿಂಗ್ ಬಿಗಿಯಾಗಿ ಹಿಡಿದ. ಗಾಡಿ ಕುಣಿಯಲಿಲ್ಲ. ಮಡಿಲಲ್ಲಿ ಮಲಗಿದ್ದ ಕೂಸು ಏಳಲಿಲ್ಲ.

ಗಂಡ: ಇನ್ನೇನೇನು ಬರೆದವ್ರೆ ಈ ಗಾಡೀಲಿ? ಎಲ್ಲಾನೂ ಓದ್ಬುಡು.

ಹೆಂಡತಿ: ನಾನ್ಯಾಕೆ ಓದ್ಲಿ? ನೀವೂ ಸಂಜೆ ಬನ್ನಿ ಕೇಂದ್ರಕ್ಕೆ.

ಪದಗಳ ಅರ್ಥ

ಒತ್ತಡ – ಅದುಮುವ ಬಲ
ಗರಿಷ್ಠ – ಎಲ್ಲಕ್ಕಿಂತ ಹೆಚ್ಚು
ಕರಾರುವಾಕ್ಕಾದ – ಒಂದಿಷ್ಟೂ ಹೆಚ್ಚು ಕಡಿಮೆ ಇಲ್ಲದ
ಗೇಜು – ಗಾಳಿಯ ಒತ್ತಡ ತೋರಿಸುವ ಉಪಕರಣ
ಸ್ಟೆಪ್ನಿ – ಹೆಚ್ಚುವರಿ ಚಕ್ರ

ಉತ್ತರ ಬರೆಯಿರಿ

1. ಹೊರೆ ಹೇರಿದಾಗ ಯಾವ ಚಕ್ರಗಳ ಮೇಲೆ ಭಾರ ಹೆಚ್ಚುತ್ತದೆ? ಏಕೆ?
2. ಬಿಸಿ ಟೈರಿನಿಂದ ಗಾಳಿ ಏಕೆ ಬಿಡಬಾರದು?
3. ಸರಿಯೋ ತಪ್ಪೋ ಹೇಳಿ: ‘ಟೈರಿನ ಮೈಮೇಲಿನ ಮ್ಯಾಕ್ಸ್ ಅಂಕಿಯಷ್ಟು ಗಾಳಿ ದಿನಾ ಹಿಡಿಸಬೇಕು.’
4. ಒಂದು ಖಾಲಿ ಗಾಡಿಯ ತೂಕ 1600 ಕಿಲೋ. ಮುಂದಿನ ಎರಡು ಚಕ್ರಗಳ ಮೇಲೆ 900 ಕಿಲೋ. ಹಿಂದಿನ ಒಂದು ಚಕ್ರದ ಮೇಲೆ ಎಷ್ಟು ಕಿಲೋ? 55 ಪೌಂಡ್ ಗಾಳಿ ಇದ್ದರೆ ಹಿಡಿತದ ಜಾಗ ಎಷ್ಟು? 35 ಪೌಂಡ್ ಇದ್ದರೆ ಎಷ್ಟು?

(ನಾಲ್ಕನೆಯ ಲೆಕ್ಕದ ಉತ್ತರ: 350 ಕಿಲೋ, 14 ಚದರ ಅಂಗುಲ, 22 ಚದರ ಅಂಗುಲ.)

ಮಾಡಿ ನೋಡಿ

ನಾಳೆ ಬೆಳಿಗ್ಗೆ ನಿಮ್ಮ ಬೀದಿಯ ಒಂದು ಪಿಕಪ್‌ನ ಬಾಗಿಲ ಚೀಟಿ ಓದಿ. ಮಾಲೀಕರ ಅನುಮತಿ ಕೇಳಿ. ಕೆಳಗಿನ ಸಾಲುಗಳನ್ನು ತುಂಬಿ, ಕೇಂದ್ರಕ್ಕೆ ತಂದು ಎಲ್ಲರಿಗೂ ಓದಿ ಹೇಳಿ. ಮಾಲೀಕರಿಗೂ ಒಂದು ಪ್ರತಿ ಬರೆದುಕೊಡಿ.

ಮುಂದಿನ ಚಕ್ರ, ಖಾಲಿ: ........ ಹೊರೆ: ........
ಹಿಂದಿನ ಚಕ್ರ, ಖಾಲಿ: ........ ಹೊರೆ: ........
ಇವತ್ತು ಗೇಜಿನಲ್ಲಿ ಕಂಡದ್ದು: ........